ಸುಮತಿಯಮ್ಮನ ಹಿತ್ತಿಲಿನ ತೊರಕೆ

ಅಡ್ಡಹೆಸರು ಬೀಳದ ಮಾಸ್ಟ್ರನ್ನು ನಮ್ಮ ಕಡೆಯ ಮಕ್ಕಳು ಮಾಸ್ಟ್ರೆಂದೇ ಹಿಡಿಯುವುದಿಲ್ಲ. ಪುಂಜಾಲಕಟ್ಟೆಯ ಹತ್ತಿರ ನಾನು ಕಲಿಯುವಾಗ ಒಬ್ಬರು ‘ಕೊಡೆ ಮಾಸ್ಟ್ರು’ ಇದ್ದರು, ಉರಿಬಿಸಿಲಿನ ದಿನವೂ ಕೊಡೆ ಕಂಕುಳಿನಿಂದ ಇಳಿಯುತ್ತಿರಲಿಲ್ಲ. ಇನ್ನೊಬ್ಬರು ‘ನಶ್ಯ ಮಾಸ್ಟ್ರು’, ಅವರ ಹೆಸರಿಗೆ ವಿವರಣೆ ಬೇಡ. ನಾನು ಮಾಸ್ಟ್ರಾದ ಮೇಲೆ ನನಗೆ ಬಿದ್ದ ಹೆಸರು ‘ತೊರಕೆ ಮಾಸ್ಟ್ರು’. ಘಟ್ಟದ ಮೇಲಿನವರಿಗೆ ತೊರಕೆ ಎಂದರೆ ಏನೆಂದು ಹೇಳಬೇಕು. ಅದು ಸಮುದ್ರದ ಮೀನು. ಚಪ್ಪಟೆ, ಅಗಲ, ಹಿಂದುಗಡೆ ಚಾಟಿಯ ಹಾಗೆ ಉದ್ದ ಬಾಲ, ಬಾಲದ ಮೇಲೆ ಗರಗಸದಂತೆ ಹಲ್ಲಿರುವ ವಿಷದ ಮುಳ್ಳು. ಹಿಂದೆ ಅದರ ಬಾಲ ಒಣಗಿಸಿ ಚಾಟಿ ಮಾಡಿ ಜನರಿಗೆ ಬಾರಿಸುತ್ತಿದ್ದರಂತೆ. ಹಾಗಾಗಿ ನನ್ನ ಹೆಸರು ಕೇಳಿದ ಹೊಸಬರು ಇವನು ಮಕ್ಕಳಿಗೆ ತೊರಕೆ ಬಾಲದಲ್ಲಿ ಬಿಗಿಯುವವನಿರಬೇಕು ಎಂದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ತಿದ್ದಲು ಹೊರಟರೆ ಆ ಹೆಸರು ಹೇಗೆ ಬಂತೆಂದು ಹೇಳಬೇಕು, ಅದನ್ನು ಹೇಳಿದರೆ ನಾನು ಆಡಿದ ಒಂದೇ ಒಂದು ಮಾತನ್ನೂ ಹೇಳಬೇಕಾಗುತ್ತದೆ. ಇವತ್ತು ಹೇಳಿಬಿಡುತ್ತೇನೆ. ಕೇಳಿ ನೊಂದುಕೊಳ್ಳಬೇಕಾಗಿದ್ದ ಸುಮತಿಯಮ್ಮ ಈಗ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಮೂಡಬಿದಿರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರಾಗಿದ್ದೆ. ಮದುವೆಯಾಗಿ ಎರಡು ವರ್ಷ ಆಗಿತ್ತು. ನಾನೂ ವನಜಳೂ ಸುಮತಿಯಮ್ಮನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದೆವು. ಸುಮತಿಯಮ್ಮ ಜೈನರು, ಎಪ್ಪತ್ತರ ಹತ್ತಿರದ ವಿಧವೆ, ಒಬ್ಬರೇ ಇರುತ್ತಿದ್ದರು. ಬೆಳಿಗ್ಗೆ ಬಸದಿಗೆ ಹೋಗಿ ಬಂದ ಮೇಲೆಯೇ ಬಾಯಿಗೆ ನೀರು. ಆ ನೀರನ್ನೂ ಬಟ್ಟೆಯಲ್ಲಿ ಸೋಸಬೇಕು, ಸೋಸಿದ ಬಟ್ಟೆಯನ್ನು ಮತ್ತೆ ಬಾವಿಗೇ ತೊಳೆಯಬೇಕು, ಅದರಲ್ಲಿ ಸಿಕ್ಕಿದ ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ತಾವು ಹೋಗಲಿ ಎಂದು. ಇರುವೆ ಸಾಲು ಅಡ್ಡ ಬಂದರೆ ಅವರು ಅಂಗಳ ಸುತ್ತು ಹಾಕಿ ಹೋಗುತ್ತಿದ್ದರು. ಇಂಥವರ ಮನೆಯಲ್ಲಿ ಮೀನು ತಿನ್ನುವ ಬೆಳ್ತಂಗಡಿ ತಾಲೂಕಿನ ಗಂಡಹೆಂಡಿರು! ಬಾಡಿಗೆಗೆ ಬರುವ ದಿನವೇ ಅವರು ನಮ್ಮಿಂದ ಮಾತು ತೆಗೆದುಕೊಂಡಿದ್ದರು: “ಹೊರಗೆ ನೀವು ಎಂತ ತಿಂತೀರಿ ಅಂತ ನಾನು ಕೇಳುವುದಿಲ್ಲ ಮಾಸ್ಟ್ರೇ. ಆದರೆ ಈ ಗೇಟಿನ ಒಳಗೆ ಮೀನು ಬರಬಾರದು.” ನಾವು ತಲೆಯಾಡಿಸಿದೆವು. ಆ ಮೇಲೆ ವನಜ ತಿಂಗಳಿಗೊಮ್ಮೆ ಕಕ್ಕಿಂಜೆಯ ತವರಿಗೆ ಹೋಗಿ ಮೀನು ತಿಂದು ಬರುವುದೂ, ನಾನು ವಾರಕ್ಕೊಮ್ಮೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋಗಿ, ಬಂದು ಎರಡು ಸಲ ಸೋಪು ಹಾಕಿ ಕೈತೊಳೆಯುವುದೂ ರೂಢಿಯಾಯಿತು.

ಹೀಗಿರುವಾಗ ನಮ್ಮ ಹೆಡ್‌ಮಾಸ್ಟ್ರು ವಿಜ್ಞಾನ ವಸ್ತುಪ್ರದರ್ಶನ ಮಾಡುವ ಎಂದರು. ಪ್ರತೀ ವರ್ಷದ ಹಾಗೆ ಲಿಂಬೆಹುಳಿಯಿಂದ ಬಲ್ಬು ಉರಿಸುವುದು, ಜ್ವಾಲಾಮುಖಿ ಮಾಡಿ ಹೊಗೆ ಬಿಡುವುದು ನನಗೆ ಬೇಜಾರು ಬಂದಿತ್ತು. ಬೇರೆ ಶಾಲೆಯವರು ಬಾಯಿ ಬಿಟ್ಟು ನೋಡುವಂಥದ್ದು ಏನಾದರೂ ತರಬೇಕು ಎಂದು ತಲೆಯಲ್ಲಿ ಹುಳ ಹೊಕ್ಕಿತು. ಮುಲ್ಕಿ ಕಡೆಯಿಂದ ಮೊದಲ ಬಸ್ಸಿನಲ್ಲಿ ಮೀನಿನ ಬುಟ್ಟಿ ತರುತ್ತಿದ್ದ ಗುಲಾಬಿಯಕ್ಕನ ಹತ್ತಿರ, “ಜೀವ ಇರುವ ಮೀನು ಎಂತಾದರೂ ತಂದುಕೊಡ್ತೀರಾ? ಯಾರೂ ಸಾಕದಂಥದ್ದು?” ಎಂದು ಕೇಳಿದೆ. ಅವರು ಸೊಂಟಕ್ಕೆ ಕೈ ಕೊಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸತ್ತದ್ದನ್ನೇ ಇವತ್ತಿನದಾ ನಿನ್ನೆಯದಾ ಅಂತ ಕೇಳುವವರು ಇದ್ದಾರೆ. ಜೀವ ಉಂಟಾ ಅಂತ ಕೇಳಿದ್ದು ನೀವೇ ಮೊದಲು ಮಾಸ್ಟ್ರೇ” ಎಂದರು. (ನಾವು ಎಲ್ಲರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಬರೆಯುವಾಗ ಕನ್ನಡ ಮಾಡಿದ್ದೇನೆ.) ನಾಲ್ಕು ದಿನದ ಮೇಲೆ ಬಾಯಿಗೆ ಬಟ್ಟೆ ಕಟ್ಟಿದ ಒಂದು ಅಲ್ಯುಮಿನಿಯಂ ಕೊಡಪಾನ ತಂದಿಟ್ಟರು. ಒಳಗೆ ಸಮುದ್ರದ ನೀರು, ನೀರಿನ ಅಡಿಯಲ್ಲಿ ಅಂಗೈ ಅಗಲದ ಒಂದು ತೊರಕೆ ಮರಿ. “ಮುಳ್ಳು ಮುರಿದು ಕೊಡ್ಲಾ? ನಮ್ಮವರು ಬಲೆಯಿಂದ ತೆಗೆಯುವಾಗಲೇ ಮುರಿದು ಬಿಸಾಡ್ತಾರೆ. ಚುಚ್ಚಿದರೆ ಅಮ್ಮನನ್ನು ಕರೆಯುವಂಥ ನೋವು.” ಬೇಡ, ವಿಜ್ಞಾನಕ್ಕೆ ಮುಳ್ಳು ಬೇಕು ಎಂದೆ. ಗುಲಾಬಿಯಕ್ಕ ವಿಜ್ಞಾನಕ್ಕೆ ಕೈ ಮುಗಿದು ಹೋದರು.

ಕೊಡಪಾನ ಹಿಡಿದು ಗೇಟಿನ ಹತ್ತಿರ ಬಂದಾಗ ನನ್ನ ಕಾಲು ನಿಂತಿತು. ಮೀನು ತರುವುದಿಲ್ಲ ಎಂದು ಮಾತು ಕೊಟ್ಟವ ನಾನು. ಸುಮತಿಯಮ್ಮ ಅಂಗಳದಲ್ಲೇ ಇದ್ದರು. ಬಟ್ಟೆ ಸರಿಸಿ ತೋರಿಸಿದೆ. ಅವರ ಮುಖ ಸಣ್ಣದಾಯಿತು. “ಮಾಸ್ಟ್ರೇ, ನಾನು ಹೇಳಿದ್ದೆನಲ್ಲ…” “ತಿನ್ನಲಿಕ್ಕೆ ಅಲ್ಲ ಅಮ್ಮ, ಸಾಕಲಿಕ್ಕೆ. ಪ್ರದರ್ಶನ ಮುಗಿದ ಮರುದಿನ ಮುಲ್ಕಿಗೆ ಹೋಗಿ ಬಿಟ್ಟು ಬರ್ತೇನೆ.” ಅವರು ಸ್ವಲ್ಪ ಹೊತ್ತು ಬಗ್ಗಿ ನೋಡಿದರು. “ಹಾಗಾದರೆ ಬರಲಿ. ಜೀವ ಇರುವುದು ಬರಬಾರದು ಅಂತ ನಾನು ಯಾವಾಗ ಹೇಳಿದ್ದೆ?” ಎಂದು ಹಿತ್ತಿಲಿನ ಸಿಮೆಂಟಿನ ತೊಟ್ಟಿಯನ್ನು ಅವರೇ ಉಜ್ಜಿ ತೊಳೆದುಕೊಟ್ಟರು. ವನಜ ಬಂದು ನೋಡಿ, ನನ್ನ ಕಿವಿಗೆ ಮಾತ್ರ ಬೀಳುವ ಹಾಗೆ, “ಇದಕ್ಕೆ ಹುಳಿಖಾರ ಅರೆದು ಪುಳಿಮುಂಚಿ ಮಾಡಿದರೆ ಎಷ್ಟು ರುಚಿ ಗೊತ್ತುಂಟಾ?” ಎಂದಳು. ನಾನು ಕಣ್ಣು ಬಿಟ್ಟೆ. ಅವಳು ಅದಕ್ಕೆ ‘ಹಪ್ಪಳ’ ಎಂದು ಹೆಸರಿಟ್ಟಳು. ನಿಜವಾಗಿಯೂ ಹಲಸಿನ ಹಪ್ಪಳದ್ದೇ ಬಣ್ಣ, ಅದರದ್ದೇ ಅಗಲ. ಸುಮತಿಯಮ್ಮನಿಗೆ ಇದು ಸರಿ ಬರಲಿಲ್ಲ. “ಜೀವ ಇರುವುದಕ್ಕೆ ತಿನ್ನುವ ಸಾಮಾನಿನ ಹೆಸರು ಇಡ್ತಾರಾ ವನಜ?” ಎಂದು ಗದರಿ ತಾವು ಅದನ್ನು ‘ಬಾಲೆ’ ಎಂದು ಕರೆದರು. ಬಾಲೆ ಎಂದರೆ ತುಳುವಿನಲ್ಲಿ ಮಗು. ಆ ಮನೆಯಲ್ಲಿ ಬಾಲೆ ಎಂದು ಕರೆಯಲು ಬೇರೆ ಯಾರೂ ಇರಲಿಲ್ಲ.

ಸಮುದ್ರದ ಜೀವವನ್ನು ಸಮುದ್ರದಿಂದ ಹತ್ತಿಪ್ಪತ್ತು ಮೈಲು ದೂರ ಸಾಕುವುದೆಂದರೆ ಸಮುದ್ರವನ್ನೇ ಹೊತ್ತು ತರಬೇಕು ಎಂಬುದು ನನಗೆ ಎರಡನೇ ದಿನ ಗೊತ್ತಾಯಿತು. ಆದಿತ್ಯವಾರ ಬೆಳಿಗ್ಗೆ ಎರಡು ತಗಡಿನ ಡಬ್ಬ ಹಿಡಿದು ಮುಲ್ಕಿಗೆ ಹೋಗಿ ನೀರು ತುಂಬಿಸಿಕೊಂಡು ಬಸ್ಸು ಹತ್ತುತ್ತಿದ್ದೆ. ಕಂಡಕ್ಟರ್, “ಎಂತ ಮಾಸ್ಟ್ರೇ, ಸಮುದ್ರಕ್ಕೆ ಫುಲ್ ಟಿಕೇಟಾ ಹಾಫ್ ಟಿಕೇಟಾ?” ಎಂದು ಇಡೀ ಬಸ್ಸನ್ನು ನಗಿಸುತ್ತಿದ್ದ. ಎರಡು ಡಬ್ಬ ಸಾಲುತ್ತಿರಲಿಲ್ಲ. ಉಳಿದದ್ದಕ್ಕೆ ಬಾವಿನೀರಿಗೆ ಕಲ್ಲುಪ್ಪು ಹಾಕುವುದು. ಹದ ನೋಡಲು ಹಾಲಿನ ಸೊಸೈಟಿಯಿಂದ ಒಂದು ಲ್ಯಾಕ್ಟೋಮೀಟರ್ ಕೇಳಿ ತಂದೆ. ಅದರ ಪ್ರಕಾರ ಸಮುದ್ರದ ನೀರು ನಮಗೆ ಬರುತ್ತಿದ್ದ ಹಾಲಿಗಿಂತ ಗಟ್ಟಿಯಾಗಿತ್ತು. ಉಪ್ಪನ್ನು ಬೇರೆ ಪಾತ್ರೆಯಲ್ಲಿ ಹಿಂದಿನ ದಿನವೇ ಕರಗಿಸಿ, ತಿಳಿಯಾದ ಮೇಲೆ ಸ್ವಲ್ಪ ಸ್ವಲ್ಪವೇ ತೊಟ್ಟಿಗೆ ಬಿಡಬೇಕು. ಹರಳು ಹರಳೇ ಹಾಕಿದರೆ ಅಡಿಯಲ್ಲಿ ಮಲಗುವ ಮೀನಿನ ಮೈ ಸುಟ್ಟುಹೋಗುತ್ತದೆ. ಇದನ್ನು ನಾನು ವನಜಳಿಗೆ ಹೇಳಿದ್ದೆ. ಶಾಲೆಯ ಮಕ್ಕಳಿಗೆ ಹೇಳಿದ್ದೆ. ಸುಮತಿಯಮ್ಮ, “ಈ ಉಪ್ಪು ಎಂತಕ್ಕೆ ಮಾಸ್ಟ್ರೇ?” ಎಂದು ಕೇಳಿದಾಗ ಮಾತ್ರ ಶಾಲೆಗೆ ಹೊತ್ತಾಗಿತ್ತು. “ಉಪ್ಪೇ ಅದರ ಜೀವ ಅಮ್ಮ” ಎಂದಷ್ಟೇ ಹೇಳಿ ಸೈಕಲ್ ಹತ್ತಿದೆ. ಮಾಸ್ಟ್ರುಗಳ ಚಟ ಅದು, ಪೂರ್ತಿ ಹೇಳಲು ಹೊತ್ತಿಲ್ಲದಾಗ ಚಂದದ ಒಂದು ವಾಕ್ಯ ಹೇಳಿಬಿಡುವುದು.

ಊಟದ್ದು ಇನ್ನೊಂದು ರಾಮಾಯಣ. ತೊರಕೆ ಸಿಗಡಿ ತಿನ್ನುವ ಮೀನು. ಸುಮತಿಯಮ್ಮ ಅದಕ್ಕೆ ಮೊದಲ ದಿನ ನೆನೆಸಿದ ಅವಲಕ್ಕಿ ಹಾಕಿದರು, ಎರಡನೇ ದಿನ ಅನ್ನ, ಮೂರನೇ ದಿನ ಬೇಯಿಸಿದ ಚೀನಿಕಾಯಿ. ಅದು ಎಲ್ಲದರ ಮೇಲೂ ಮರ್ಯಾದೆಯಿಂದ ಈಜಿ ಹೋಯಿತು. ನಾಲ್ಕನೇ ದಿನ ಸುಮತಿಯಮ್ಮ ತಾವೂ ಊಟ ಬಿಟ್ಟು ತೊಟ್ಟಿಯ ಹತ್ತಿರ ಕೂತರು. “ಇದರ ಹೊಟ್ಟೆಗೆ ಇನ್ನೊಂದು ಜೀವ ಹಾಕಬೇಕಲ್ಲ ಮಾಸ್ಟ್ರೇ, ಎಂತ ಕರ್ಮ ಇದು. ಹಾಕದಿದ್ದರೆ ಇದು ಸಾಯ್ತದೆ.” ಕಣ್ಣಲ್ಲಿ ನೀರು. ಕೊನೆಗೆ ರಾಜಿಯಾಯಿತು: ತಾನಾಗಿ ಸತ್ತ ಸಿಗಡಿ ಆಗಬಹುದು. ಗುಲಾಬಿಯಕ್ಕನನ್ನು ಗೇಟಿನ ಹೊರಗೆ ನಿಲ್ಲಿಸಿ ವಿಚಾರಣೆ ನಡೆಯಿತು. “ಇದು ತಾನಾಗಿ ಸತ್ತದ್ದಾ?” “ತಾನಾಗಿಯೇ ಅಮ್ಮ, ದೇವರಾಣೆ.” “ಎಂತ ಆಗಿತ್ತು ಅದಕ್ಕೆ?” ಗುಲಾಬಿಯಕ್ಕ ಒಂದು ಗಳಿಗೆ ಯೋಚಿಸಿ, “ಶೀತ” ಎಂದರು. ನೀರಿನಲ್ಲೇ ಇರುವುದಲ್ಲವಾ ಎಂದು ಸುಮತಿಯಮ್ಮ ಒಪ್ಪಿದರು, ಅಥವಾ ಒಪ್ಪಿದ ಹಾಗೆ ಮಾಡಿದರು. ಅಂದಿನಿಂದ ತೇಗದ ಎಲೆಯಲ್ಲಿ ಸುತ್ತಿದ ಸಿಗಡಿ ಹಿಂದಿನ ದಾರಿಯಿಂದ ಬರತೊಡಗಿತು. ನಾನು ಹಾಕುವಾಗ ಸುಮತಿಯಮ್ಮ ಆಚೆ ಮುಖ ಮಾಡಿ ಸಿಗಡಿಗಾಗಿ ಪಂಚನಮಸ್ಕಾರ ಹೇಳುತ್ತಿದ್ದರು, ಆಮೇಲೆ ಈಚೆ ತಿರುಗಿ “ತಿಂದಿತಾ ಬಾಲೆ?” ಎಂದು ಕೇಳುತ್ತಿದ್ದರು. ಇನ್ನೊಂದು ನಿಯಮವೂ ಇತ್ತು. ಸೂರ್ಯ ಮುಳುಗುವ ಮೊದಲು ಊಟ ಆಗಬೇಕು. ತೊರಕೆ ಕತ್ತಲಾದ ಮೇಲೆ ಬೇಟೆಯಾಡುವ ಜಾತಿ ಎಂದು ನಾನು ವಿವರಿಸಿದೆ. “ಅದು ಅಲ್ಲಿ. ಇಲ್ಲಿ ಈ ಮನೆಯ ಕ್ರಮ” ಎಂದರು. ನಂಬಿದರೆ ನಂಬಿ, ಹದಿನೈದು ದಿನದಲ್ಲಿ ಆ ಮೀನು ಸಂಜೆ ಐದೂವರೆಗೆ ತೊಟ್ಟಿಯ ಅಂಚಿಗೆ ಬಂದು ಕಾಯುವ ಜೈನನಾಯಿತು.

ಮುಳ್ಳಿನ ವಿಷಯಕ್ಕೆ ಮಾತ್ರ ನಮ್ಮ ಹೆಡ್‌ಮಾಸ್ಟ್ರಿಗೆ ನಿದ್ದೆ ಬರುತ್ತಿರಲಿಲ್ಲ. “ಮಕ್ಕಳು ಕೈ ಹಾಕಿದರೆ ಯಾರು ಮಾರಾಯ್ರೆ ಜವಾಬು? ಕಟ್ ಮಾಡಿಸಿ” ಎಂದು ದಿನಾ ಹೇಳುತ್ತಿದ್ದರು. ಒಂದು ದಿನ ನಾನು ಲ್ಯಾಬಿನ ಕತ್ತರಿ ತಂದೂ ತಂದೆ. ಸುಮತಿಯಮ್ಮ ಅಡ್ಡ ನಿಂತರು. “ಅದು ಮುಳ್ಳು ಇಟ್ಟುಕೊಂಡಿರುವುದು ನಿಮ್ಮನ್ನು ಚುಚ್ಚಲಿಕ್ಕಾ? ತನ್ನ ಜೀವ ಉಳಿಸಿಕೊಳ್ಳಲಿಕ್ಕೆ. ನಾಳೆ ಸಮುದ್ರಕ್ಕೆ ಬಿಡ್ತೀರಿ, ಆಗ ಅದು ಯಾರನ್ನು ಕರೆಯಬೇಕು? ಅದರ ಕ್ರಮ ನೀವು ಕಲಿಯಿರಿ, ಅದನ್ನು ಕತ್ತರಿಸಬೇಡಿ.” ಹಾಗೆ ನಾವು ಕಲಿತೆವು. ಮೇಲಿನಿಂದ ಕೈ ಇಳಿಸಬಾರದು, ಮೇಲಿನಿಂದ ಬರುವುದೆಲ್ಲ ಅದಕ್ಕೆ ಶತ್ರು. ಮುಂದಿನಿಂದ, ಅಂಗೈ ಮೇಲೆ ಮಾಡಿ, ತೊಟ್ಟಿಯ ನೆಲಕ್ಕೆ ತಾಗಿಸಿ ಕೈಯನ್ನು ಮೆಲ್ಲ ಜಾರಿಸಬೇಕು. ಅದೇ ಬಂದು ಮೇಲೆ ಕೂರುತ್ತದೆ. ಬಾಲದ ಕಡೆ ಹೋಗಲೇಬಾರದು. ಎತ್ತಬೇಕಾದರೆ ಕೈಯಲ್ಲಿ ಹಿಡಿಯುವುದಲ್ಲ, ಅಡಿಯಿಂದ ಬೆತ್ತದ ಗೆರಸೆ ಹಾಕಿ ನೀರಿನ ಸಮೇತ ಎತ್ತುವುದು. ಬೆಳಿಗ್ಗೆ ಸಂಜೆ ಕೊಡಪಾನದಿಂದ ನೀರನ್ನು ಎತ್ತರದಿಂದ ಹೊಯ್ದರೆ ಗಾಳಿ ಬೆರೆತು ಅದಕ್ಕೆ ಉಸಿರು. ತೊಟ್ಟಿಯ ಮೇಲೆ ಬಿಸಿಲಿಗೆ ತೆಂಗಿನ ಮಡಲಿನ ಚಪ್ಪರ. ಸುಮತಿಯಮ್ಮ ನನಗಿಂತ ಬೇಗ ಕಲಿತರು. ಹೊಟ್ಟೆಯ ಕಡೆಯಿಂದ ನೋಡಿದರೆ ಆ ಮೀನಿಗೆ ನಗುವ ಮುಖ ಇದ್ದ ಹಾಗೆ ಕಾಣುತ್ತಿತ್ತು. ಅದು ಅವರ ಅಂಗೈಯ ಮೇಲೆ ಬಂದು ಕೂತು ರೆಕ್ಕೆಯ ಅಂಚನ್ನು ಮೆಲ್ಲ ಆಡಿಸುವಾಗ ಅವರು ಉಸಿರು ಹಿಡಿದುಕೊಂಡು ಕೂರುತ್ತಿದ್ದರು.

ನನಗೆ ಅದು ಚುಚ್ಚಿದ್ದು ಒಂದೇ ಸಲ, ಪ್ರದರ್ಶನದ ದಿನ. ಬೇರೆ ಶಾಲೆಯ ಮಾಸ್ಟ್ರುಗಳು ಸುತ್ತ ನಿಂತಿದ್ದರು. ನನಗೆ ಗತ್ತು ಬಂತು. “ಹೆದರಲಿಕ್ಕೆ ಎಂತದೂ ಇಲ್ಲ, ನೋಡಿ” ಎಂದು ಅವರಿಗೆ ಕಾಣಲಿ ಎಂದೇ ಮೇಲಿನಿಂದ ಕೈ ಹಾಕಿ ಬಾಲವನ್ನೇ ತೋರಿಸಹೋದೆ. ಹೆಬ್ಬೆರಳಿಗೆ ಬಿತ್ತು. ಅಯ್ಯಯ್ಯೋ, ಆ ನೋವು! ಹೆರಿಗೆಯ ನೋವು ಹೇಗಿರುತ್ತದೆಂದು ಆ ದಿನದ ಮೇಲೆ ನನಗೆ ಯಾರೂ ಹೇಳಬೇಕಾಗಲಿಲ್ಲ. ಮೊದಲೇ ಗುಲಾಬಿಯಕ್ಕ ಹೇಳಿಕೊಟ್ಟಿದ್ದ ಹಾಗೆ, ತಡೆದುಕೊಳ್ಳುವಷ್ಟು ಬಿಸಿನೀರಿನಲ್ಲಿ ಒಂದು ಗಂಟೆ ಕೈ ಅದ್ದಿ ಕೂತೆ, ಆಮೇಲೆ ಡಾಕ್ಟರಲ್ಲಿಗೆ ಹೋದೆ. ಸಂಜೆ ಬಟ್ಟೆ ಕಟ್ಟಿದ ಬೆರಳು ನೋಡಿ ಸುಮತಿಯಮ್ಮ ಮೊದಲು ಕೇಳಿದ್ದು, “ಬಾಲೆ ಹೆದರಿತಾ?” ಎಂದು. ಮಕ್ಕಳು ನನಗೆ ಹೆಸರಿಟ್ಟದ್ದೂ ಅಂದೇ.

ಪ್ರದರ್ಶನ ಮುಗಿಯಿತು. ಮರುದಿನ ಬಿಡುತ್ತೇನೆ ಎಂದಿದ್ದೆನಲ್ಲ, ಬಿಡಲಿಲ್ಲ. ಪರೀಕ್ಷೆ ಬಂತು ಎಂದೆ. ಪರೀಕ್ಷೆ ಮುಗಿಯಿತು, ಪೇಪರು ತಿದ್ದಲಿಕ್ಕೆ ಉಂಟು ಎಂದೆ. ನಿಜ ಹೇಳಬೇಕೆಂದರೆ ಜನ ಬರತೊಡಗಿದ್ದರು. ಬಂಟ್ವಾಳದಿಂದ, ನೆರಿಯದಿಂದ, ಎಲ್ಲೆಲ್ಲಿಂದಲೋ, ‘ತೊರಕೆ ಸಾಕಿದ ಮಾಸ್ಟ್ರು ಯಾರು’ ಎಂದು ಕೇಳಿಕೊಂಡು. ನನ್ನನ್ನು ಅದುವರೆಗೆ ಯಾರೂ ಯಾವುದಕ್ಕೂ ಕೇಳಿಕೊಂಡು ಬಂದವರಿರಲಿಲ್ಲ. ಸುಮತಿಯಮ್ಮ ಪ್ರತೀ ಶನಿವಾರ, “ನಾಳೆ ಬಿಟ್ಟು ಬರುವನಾ ಮಾಸ್ಟ್ರೇ? ನಾನೂ ಬರ್ತೇನೆ” ಎಂದು ಕೇಳುತ್ತಿದ್ದರು. ಅವರಿಗೆ ಅದರ ಮೇಲೆ ನನ್ನ ಹತ್ತು ಪಾಲು ಪ್ರೀತಿ ಇತ್ತು. ಆದರೂ ಬಿಡುವ ಎನ್ನುತ್ತಿದ್ದವರು ಅವರೇ. ನಾನು ಮುಂದಿನ ವಾರ ಎನ್ನುತ್ತಿದ್ದೆ. ಮೇ ತಿಂಗಳಲ್ಲಿ ಒಬ್ಬರು ಪತ್ರಿಕೆಗೆ ಹಾಕುತ್ತೇನೆ ಎಂದು ಫೋಟೋ ತೆಗೆಯಲು ಬಂದರು. ನೆರಳು ಬೀಳುತ್ತದೆ ಎಂದರು. ನಾನು ಮಡಲಿನ ಚಪ್ಪರವನ್ನು ಎತ್ತಿ ಬದಿಗಿಟ್ಟೆ. ಫೋಟೋದಲ್ಲಿ ನಾನು ಚೆನ್ನಾಗಿ ಬಂದೆ. ಚಪ್ಪರವನ್ನು ತಿರುಗಿ ಇಡಲಿಲ್ಲ, ಅಂಗಡಿಯವರೊಬ್ಬರು ನೋಡಲು ಬರುವವರಿದ್ದರು, ಆಮೇಲೆ ಇನ್ನೊಬ್ಬರು. ತವರಿಗೆ ಹೊರಟ ವನಜ ಗೇಟಿನಲ್ಲಿ ನಿಂತು, “ಮಳೆ ಬರುವ ಮೊದಲು ಅದನ್ನು ಬಿಟ್ಟು ಬನ್ನಿ, ಇಲ್ಲದಿದ್ದರೆ ಚಪ್ಪರವಾದರೂ ಹಾಕಿ” ಎಂದು ಹೇಳಿಯೇ ಹೋಗಿದ್ದಳು.

ಅದೇ ವಾರ ಬೆಳ್ತಂಗಡಿಯ ಒಂದು ಸಂಘದವರು ನನ್ನನ್ನು ಭಾಷಣಕ್ಕೆ ಕರೆದರು. ವಿಷಯ ‘ಪ್ರಾಣಿದಯೆ’. ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬೆಳಗಿನ ಬಸ್ಸಿಗೆ ಹೋದೆ. ಮುಕ್ಕಾಲು ಗಂಟೆ ಮಾತಾಡಿದೆ. ಸಾಕಿದ ಜೀವದ ಸುಖದುಃಖ ನಮ್ಮದೇ ಎಂದು ತಿಳಿಯಬೇಕು ಎಂದೆ, ಚಪ್ಪಾಳೆ ಬಿತ್ತು. ಮಧ್ಯಾಹ್ನ ಸಂಘದ ಅಧ್ಯಕ್ಷರ ಮನೆಯಲ್ಲಿ ಊಟ. ಹುರಿದ ಬಂಗುಡೆ ಮೀನು, ಮೇಲಿಂದ ಮೇಲೆ ಬಡಿಸಿದರು. ಎರಡನೇ ಬಂಗುಡೆಯ ಹೊತ್ತಿಗೆ ಗುಡುಗು ಕೇಳಿಸಿತು. ಆ ವರ್ಷದ ಮೊದಲ ಮಳೆ ಹೆಂಚಿನ ಮೇಲೆ ಧೋ ಎಂದು ಸುರಿಯಿತು. “ಆಹಾ, ತಂಪಾಯಿತು” ಎಂದರು ಅಧ್ಯಕ್ಷರು. “ಹೌದು ಹೌದು” ಎಂದೆ ನಾನು. ತೊಟ್ಟಿಯ ನೆನಪು ನನಗೆ ಬಂದದ್ದು ಕೈತೊಳೆಯುವಾಗ.

ಮೂಡಬಿದಿರೆಯಲ್ಲಿ ಬಸ್ಸಿನಿಂದ ಇಳಿಯುವಾಗ ಐದು ಗಂಟೆ, ಮಳೆ ನಿಂತಿತ್ತು. ರಸ್ತೆಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಓಡಿದೆ. ಸುಮತಿಯಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ಸೀರೆಯೆಲ್ಲ ಒದ್ದೆಯಾಗಿ ಮೈಗೆ ಅಂಟಿತ್ತು. ಕೈಯಲ್ಲಿ ಬಿಡಿಸಿದ ಕೊಡೆ, ಅದನ್ನು ಅವರು ತಮ್ಮ ತಲೆಗಲ್ಲ, ತೊಟ್ಟಿಗೆ ಹಿಡಿದಿದ್ದರು, ಮಳೆ ನಿಂತದ್ದು ಗೊತ್ತೇ ಆಗದವರ ಹಾಗೆ. ಹೆಂಚಿನ ಮಾಡಿನ ನೀರೆಲ್ಲ ತೊಟ್ಟಿಗೇ ಬಿದ್ದು ತುಂಬಿ ಹೊರಗೆ ಹರಿದಿತ್ತು. ಪಕ್ಕದಲ್ಲಿ ಅವರ ಅಡಿಗೆಮನೆಯ ಉಪ್ಪಿನ ಮರಿಗೆ, ವರ್ಷಕ್ಕೆಂದು ತುಂಬಿಸಿಟ್ಟದ್ದು, ಖಾಲಿಯಾಗಿ ಕವುಚಿ ಬಿದ್ದಿತ್ತು. ತೊಟ್ಟಿಯ ಅಡಿಯಲ್ಲಿ ಬೆಳ್ಳಗೆ ಉಪ್ಪಿನ ಹರಳು, ಹರಳಿನ ಮೇಲೆ ಆ ಮೀನು. ಬೆನ್ನಿನ ಮೇಲೆ ಅಲ್ಲಲ್ಲಿ ಬಿಳಿ ಕಲೆ ಎದ್ದಿತ್ತು. ರೆಕ್ಕೆ ಆಡುತ್ತಿರಲಿಲ್ಲ.

“ನೀರೆಲ್ಲ ಸಪ್ಪೆ ಆಗ್ತಾ ಬಂತು ಮಾಸ್ಟ್ರೇ. ನಾನು ಬಾಯಿಗೆ ಹಾಕಿ ನೋಡಿದೆ. ಉಪ್ಪೇ ಅದರ ಜೀವ ಅಂತ ನೀವು ಹೇಳಿದ್ದಿರಲ್ಲ. ಇದ್ದದ್ದೆಲ್ಲ ಹಾಕಿದೆ. ಮೊದಲು ಸ್ವಲ್ಪ ಆಡಿತು, ಮತ್ತೆ ಆಡಲಿಲ್ಲ.” ಆಮೇಲೆ ನನ್ನ ಮುಖ ನೋಡಿ ಕೇಳಿದರು: “ಉಪ್ಪು ಕಡಿಮೆಯಾಯಿತಾ ಮಾಸ್ಟ್ರೇ? ಹೆಚ್ಚಾಯಿತಾ?”

ವಿಜ್ಞಾನದ ಮಾಸ್ಟ್ರಾಗಿ ನಾನು ಹೇಳಬೇಕಾಗಿದ್ದದ್ದು ‘ಗೊತ್ತಿಲ್ಲ’ ಎಂದು. ಮಳೆನೀರೇ ಮೊದಲು ಕೊಂದಿತ್ತೋ, ಉಪ್ಪು ಸುಟ್ಟಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮನುಷ್ಯನಾಗಿ ಹೇಳಬೇಕಾಗಿದ್ದದ್ದು ‘ಚಪ್ಪರ ತೆಗೆದವ ನಾನು, ತಪ್ಪು ನನ್ನದು’ ಎಂದು. ಅದು ನನಗೆ ಗೊತ್ತಿತ್ತು, ಅವರೊಬ್ಬರಿಂದ ಎತ್ತಲಾಗದ ಚಪ್ಪರ ಗೋಡೆಗೆ ಒರಗಿ ನನ್ನ ಕಣ್ಣ ಮುಂದೆಯೇ ಇತ್ತು. ನಾನು ಹೇಳಿದ್ದು ಒಂದೇ ಮಾತು: “ಹೆಚ್ಚಾಯಿತು.”

ಅವರು ಅಳಲಿಲ್ಲ. ಕೊಡೆ ಮಡಚಿದರು. ತಮ್ಮ ಎರಡು ಕೈಗಳನ್ನು ಸ್ವಲ್ಪ ಹೊತ್ತು ನೋಡಿಕೊಂಡರು. ಬಾವಿಯ ನೀರಿನಲ್ಲಿರುವ ಕಾಣದ ಹುಳವನ್ನು ಎಪ್ಪತ್ತು ವರ್ಷ ಕಾಪಾಡಿದ ಕೈ. “ಐದು ಇಂದ್ರಿಯ ಇದ್ದ ಜೀವ” ಎಂದರು, ನನಗೆ ಹೇಳಿದ್ದಲ್ಲ. ಅವರ ಲೆಕ್ಕದಲ್ಲಿ ಇಂದ್ರಿಯ ಹೆಚ್ಚಿದ್ದಷ್ಟೂ ಕೊಂದ ಪಾಪ ದೊಡ್ಡದು. ಎದ್ದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಅದನ್ನು ಗೆರಸೆಯಿಂದ ಎತ್ತಿ ಡಬ್ಬದಲ್ಲಿಟ್ಟು ಮುಲ್ಕಿಗೆ ತೆಗೆದುಕೊಂಡು ಹೋದೆ. ಸುಮತಿಯಮ್ಮ ಬರಲಿಲ್ಲ. ಕಂಡಕ್ಟರ್ ಡಬ್ಬದೊಳಗೆ ಇಣುಕಿ ನೋಡಿ, ಟಿಕೇಟಿನ ಮಾತೆತ್ತದೆ ಮುಂದೆ ಹೋದ. ಅಳಿವೆಯ ಹತ್ತಿರ ನೀರಿಗೆ ಇಳಿದು ಬಿಟ್ಟೆ. ಅಲೆ ಅದನ್ನು ಎರಡು ಸಲ ನನ್ನ ಕಾಲಿಗೇ ತಂದು ಹಾಕಿತು. ಮೂರನೇ ಸಲ ಒಯ್ದಿತು.

ವನಜ ತವರಿನಿಂದ ಬಂದು ವಾರವಾಗಿರಬೇಕು. ಒಂದು ದಿನ, “ಅಮ್ಮ ಗಂಜಿಗೆ ಉಪ್ಪು ಹಾಕಿಕೊಳ್ಳುವುದಿಲ್ಲ, ಗೊತ್ತುಂಟಾ? ಪಲ್ಯಕ್ಕೂ ಇಲ್ಲ. ಮಜ್ಜಿಗೆಗೂ ಇಲ್ಲ” ಎಂದಳು. ವಿಚಾರಿಸಿದರೆ, ಬಸದಿಯಲ್ಲಿ ವ್ರತ ತೆಗೆದುಕೊಂಡಿದ್ದರು, ಸಾಯುವ ತನಕ ಉಪ್ಪು ಬಿಟ್ಟಿದ್ದೇನೆ ಎಂದು. ಅವರಲ್ಲಿ ಹಾಗೆ ಒಂದೊಂದು ರುಚಿಯನ್ನು ಬಿಡುವ ಕ್ರಮ ಉಂಟು. ಆ ಗಳಿಗೆಯಲ್ಲೇ ಎದ್ದುಹೋಗಿ ಹೇಳಿಬಿಡಬೇಕಾಗಿತ್ತು. ನಾಳೆ ಹೇಳುವ ಎಂದುಕೊಂಡೆ. ನಾಳೆ, ಮುಂದಿನ ವಾರ ಎನ್ನುವುದರಲ್ಲಿ ನಾನು ಪಳಗಿದವ. ಎರಡು ವರ್ಷ ಅವರ ಮನೆಯ ಹಿಂದೆಯೇ ಇದ್ದು, ಅವರು ಬೆಳಿಗ್ಗೆ ಕೊಟ್ಟುಕಳಿಸುವ ಸಪ್ಪೆ ದೋಸೆಯನ್ನು ನಮ್ಮ ಮನೆಯ ಉಪ್ಪು ಹಾಕಿದ ಚಟ್ನಿಯಲ್ಲಿ ಅದ್ದಿ ತಿಂದು ಶಾಲೆಗೆ ಹೋದೆ. ಆ ಮೇಲೆ ಬಂಟ್ವಾಳಕ್ಕೆ ವರ್ಗವಾಯಿತು. ಹೇಳುವುದು ತಪ್ಪಿತು ಎಂದು ನನಗೆ ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಬಂಟ್ವಾಳಕ್ಕೆ ಹೋದ ಎರಡನೇ ವರ್ಷ ಅವರಿಗೆ ಹುಷಾರಿಲ್ಲ ಎಂದು ಗೊತ್ತಾಯಿತು. ವನಜ ಬಿಡಲಿಲ್ಲ, ಇಬ್ಬರೂ ಹೋದೆವು. ಚಾಪೆಯ ಮೇಲೆ ಮಲಗಿದ್ದರು, ಚಿಕ್ಕವರಾಗಿ ಹೋಗಿದ್ದರು. ಅವರ ತಂಗಿಯ ಮಗಳು ಗಂಜಿ ತಂದಿಟ್ಟು ವನಜಳನ್ನು ಕರೆದುಕೊಂಡು ಒಳಗೆ ಹೋದಳು. ಬೆಳ್ಳಗಿನ ಸಪ್ಪೆ ಗಂಜಿ. ಅದನ್ನು ನೋಡುತ್ತ ನನಗೆ ತಡೆಯಲಾಗಲಿಲ್ಲ. “ಅಮ್ಮ, ಅವತ್ತು ನಾನು ಸುಳ್ಳು ಹೇಳಿದ್ದು. ಚಪ್ಪರ ತೆಗೆದವ ನಾನು. ಮಳೆಯಿಂದಲೇ ಸತ್ತಿರಬಹುದು. ಉಪ್ಪು ಹೆಚ್ಚಾದದ್ದೋ ಕಡಿಮೆಯಾದದ್ದೋ ನನಗೆ ಗೊತ್ತೇ ಇರಲಿಲ್ಲ.” ಹೇಳುವಾಗ ನಾನು ಮಗುವಿನ ಹಾಗೆ ಅತ್ತೆ.

ಸುಮತಿಯಮ್ಮ ನನ್ನ ಅಳು ಮುಗಿಯುವ ತನಕ ಕಾದರು. “ಗೊತ್ತುಂಟು ಮಾಸ್ಟ್ರೇ” ಎಂದರು. “ನೀವು ಚಪ್ಪರ ತೆಗೆದದ್ದು ನಾನು ನೋಡಿದ್ದೇನಲ್ಲ. ತಿರುಗಿ ಇಡಿ ಅಂತ ಹೇಳಬೇಕು ಅಂತ ಅಂದುಕೊಂಡೆ, ಆ ಜನರ ಎದುರು ನಿಮಗೆ ಮರ್ಯಾದೆ ಹೋಗುವುದು ಬೇಡ ಅಂತ ಬಿಟ್ಟೆ. ಅದು ನನ್ನ ತಪ್ಪು.”

“ಮತ್ತೆ ಉಪ್ಪು ಯಾಕೆ ಬಿಟ್ಟಿರಿ ಅಮ್ಮ?”

“ಒಂದು ಜೀವ ಹೋಗಿದೆ. ಯಾರಾದರೂ ಏನಾದರೂ ಬಿಡಬೇಕಲ್ಲ? ನೀವು ಬಿಡುವ ಜನ ಅಲ್ಲ ಅಂತ ಅವತ್ತು ನಿಮ್ಮ ಮುಖ ನೋಡುವಾಗ ಗೊತ್ತಾಯಿತು. ನಿಮ್ಮ ಪಾಲಿನದ್ದನ್ನೂ ಸೇರಿಸಿ ನಾನೇ ಬಿಟ್ಟೆ.” ಇದನ್ನು ಅವರು ಚುಚ್ಚುಮಾತಾಗಿ ಹೇಳಲಿಲ್ಲ. ಅಂಗಡಿಗೆ ಹೊರಟವರು ಪಕ್ಕದ ಮನೆಯವರ ಸಾಮಾನನ್ನೂ ತಂದುಕೊಡುವ ಹಾಗೆ ಹೇಳಿದರು. ನಾನು ನೆಟ್ಟಗೆ ಕೂತೆ. “ಹಾಗಾದರೆ ಅಮ್ಮ, ಇವತ್ತಿನಿಂದ ನಾನೂ ಬಿಡ್ತೇನೆ. ನಿಮ್ಮ ಎದುರೇ ಹೇಳ್ತೇನೆ.” ಸುಮತಿಯಮ್ಮನಿಗೆ ನಗು ಬಂತು. ನಗಲು ಅವರಿಗೆ ತ್ರಾಣವಿರಲಿಲ್ಲ, ಆದರೂ ನಕ್ಕರು. ನನ್ನ ಕೈಮೇಲೆ ಕೈ ಇಟ್ಟು, “ಬೇಡ ಮಾಸ್ಟ್ರೇ. ಇನ್ನೊಂದು ಸುಳ್ಳು ಬೇಡ” ಎಂದರು.

ಆ ಮಳೆಗಾಲ ದಾಟಲಿಲ್ಲ ಅವರು. ಸುದ್ದಿ ಬಂದ ದಿನ ನಾನು ಹಟ ಹಿಡಿದು ಉಪ್ಪಿಲ್ಲದ ಗಂಜಿ ಉಂಡೆ. ಮಧ್ಯಾಹ್ನ ಉಂಡೆ, ಅಷ್ಟೆ. ಸಾಯಂಕಾಲ ವನಜ ಸಾರು ಮಾಡಿದಳು, ಬಟ್ಟಲು ಮುಂದಿಟ್ಟು ನನ್ನನ್ನೇ ನೋಡುತ್ತ ನಿಂತಳು. ನಾನು ಸುರಿದುಕೊಂಡೆ. ಸುಮತಿಯಮ್ಮ ನನ್ನನ್ನು ನಾನು ತಿಳಿದದ್ದಕ್ಕಿಂತ ಚೆನ್ನಾಗಿ ತಿಳಿದಿದ್ದರು.

ಈಗ ನನಗೆ ರಕ್ತದೊತ್ತಡ. ಡಾಕ್ಟರು ಹೋದ ವರ್ಷ, “ಮಾಸ್ಟ್ರೇ, ಜೀವ ಬೇಕಿದ್ದರೆ ಉಪ್ಪು ಬಿಡಿ” ಎಂದು ಹೆದರಿಸಿದರು. ಒಂದು ಜೀವ ಹೋದಾಗ ಬಿಡದವ ನನ್ನ ಜೀವ ಎಂದ ಕೂಡಲೇ ಬಿಟ್ಟೆ. ಮೊನ್ನೆ ಒಂದು ಮದುವೆಯ ಊಟದಲ್ಲಿ ನಾನು ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಸರಿಸಿ ಸಪ್ಪೆ ಅನ್ನ ಕಲಸುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಮೂಡಬಿದಿರೆಯ ಹಳೆಯ ಶಿಷ್ಯನೊಬ್ಬ ನೋಡಿ, “ನಿಮ್ಮದು ಭಾರೀ ವ್ರತ ಸರ್. ಆ ಸುಮತಿಯಮ್ಮನ ಹಾಗೆ” ಎಂದು ಕೈ ಮುಗಿದ. ಅಲ್ಲ ಎಂದು ಹೇಳಬೇಕಾಗಿತ್ತು. ಆದರೆ ಬಾಯಿ ತೆರೆಯುವ ಹಾಗಿರಲಿಲ್ಲ, ಈಚೆ ಬದಿಯಲ್ಲಿ ಕೂತಿದ್ದ ವನಜ ಆಚೆ ತಿರುಗಿದಾಗ ಬಾಯಿಗೆ ಹಾಕಿಕೊಂಡ ಮಾವಿನಮಿಡಿಯ ಉಪ್ಪಿನಕಾಯಿ ಒಳಗಿತ್ತು. ಗಂಭೀರವಾಗಿ ತಲೆಯಾಡಿಸಿದೆ.